ಕೈಗೆ ಬಾರದ ಸರಕಿಗೆ ಮುಂಗಡ ಹಣ

ಮಾರುಕಟ್ಟೆಗೆ ಇನ್ನೂ ಬಾರದ ವಸ್ತುವಿಗೆ ಮೊದಲೇ ಹಣ ಕಟ್ಟಿ ಕಾದಿರಿಸುವ ಕ್ರಮಕ್ಕೆ ಆನ್‌ಲೈನ್ ವ್ಯಾಪಾರದಲ್ಲಿ ಪ್ರೀ-ಆರ್ಡರ್ ಎಂಬ ಹೆಸರಿದೆ. ಈ ಕ್ರಮ ಕನ್ನಡ ಓದುಗರಿಗೆ ಅಪರಿಚಿತವಲ್ಲ. ಪುಸ್ತಕ ಅಚ್ಚಾಗುವ ಮುನ್ನವೇ ಪ್ರಕಟಣಪೂರ್ವ ರಿಯಾಯಿತಿ ದರದಲ್ಲಿ ಹಣ ಪಡೆದು, ಅದರಿಂದಲೇ ಮುದ್ರಣದ ವೆಚ್ಚವನ್ನು ತೂಗಿಸುವ ರೂಢಿ ಕನ್ನಡ ಪ್ರಕಾಶನದಲ್ಲಿ ಬಹುಕಾಲದಿಂದ ಇದೆ. ಆದರೆ ಅಲ್ಲಿ ಹಣ ಪಡೆಯುವವರು ಪುಸ್ತಕವನ್ನು ಸ್ವತಃ ಹೊರತರುವವರು. ರೀಸೆಲ್ಲರ್ ಅಥವಾ ಮರುಮಾರಾಟಗಾರರು ವಸ್ತುವನ್ನು ತಯಾರಿಸುವವರೂ ಅಲ್ಲ, ತಯಾರಕರು ನೇಮಿಸಿದ ವಿತರಕರೂ ಅಲ್ಲ. ಬೇರೆಡೆ ಕೊಂಡದ್ದನ್ನು ಲಾಭವಿಟ್ಟು ಮಾರುವವರು. ಅವರು ಪ್ರೀ-ಆರ್ಡರ್ ಹಣ ಪಡೆಯುವಾಗ, ತಮ್ಮ ಬಳಿ ಇಲ್ಲದ, ಸಿಗುವುದೆಂಬ ಖಾತ್ರಿಯೂ ಇಲ್ಲದ ಸರಕನ್ನು ಮಾರುತ್ತಿರುತ್ತಾರೆ.

ಇಂಥ ವ್ಯಾಪಾರ ಬೆಳೆಯುವುದು ಬೇಡಿಕೆಗೆ ತಕ್ಕಷ್ಟು ಪೂರೈಕೆ ಇಲ್ಲದ ಕಡೆ. ಸೋನಿ ಕಂಪನಿಯ ಆಟದ ಯಂತ್ರವಾದ ಪ್ಲೇಸ್ಟೇಷನ್ 5 ಇದಕ್ಕೆ ಚೆನ್ನಾದ ನಿದರ್ಶನ. 2020ರ ನವೆಂಬರ್‌ನಲ್ಲಿ ಅಮೆರಿಕ, ಜಪಾನ್ ಮೊದಲಾದ ದೇಶಗಳಲ್ಲಿ ಬಿಡುಗಡೆಯಾದ ಈ ಯಂತ್ರ, ಸೆಮಿಕಂಡಕ್ಟರ್ ಚಿಪ್‌ಗಳ ಅಭಾವದಿಂದಾಗಿ ಬಹುಕಾಲ ದುರ್ಲಭವಾಗಿತ್ತು. ಭಾರತದಲ್ಲಿ ಆಗ 49,990 ರೂಪಾಯಿ ಬೆಲೆಯಿದ್ದ ಈ ಯಂತ್ರಕ್ಕೆ 2021ರ ಜನವರಿ 12ರಂದು ಮುಂಗಡ ಬುಕಿಂಗ್ ತೆರೆದಾಗ ಇದ್ದ ದಾಸ್ತಾನು ಕೆಲವೇ ನಿಮಿಷಗಳಲ್ಲಿ ಮುಗಿದುಹೋಯಿತು. ಮನುಷ್ಯರಿಗಿಂತ ವೇಗವಾಗಿ ಆರ್ಡರ್ ಹಾಕುವ ಬಾಟ್ ಎಂಬ ಗಣಕ ಕಾರ್ಯಕ್ರಮಗಳಿಂದ ಸರಕನ್ನು ಬಾಚಿಕೊಂಡು ದುಬಾರಿ ಬೆಲೆಗೆ ಮಾರುವವರು ಹಲವು ದೇಶಗಳಲ್ಲಿ ತಲೆಯೆತ್ತಿದರು. ಹರಾಜು ತಾಣವಾದ ಇಬೇಯಲ್ಲಿ ಯಂತ್ರದ ಬದಲು ಅದರ ಛಾಯಾಚಿತ್ರವನ್ನಷ್ಟೇ ಮಾರಾಟಕ್ಕಿಟ್ಟು ಅವಸರದ ಗಿರಾಕಿಗಳನ್ನು ಮೋಸಗೊಳಿಸಿದ ಪ್ರಕರಣಗಳೂ ವರದಿಯಾದವು.

ಪ್ರೀ-ಆರ್ಡರ್‌ಗೆ ಹಣ ಕೊಟ್ಟವರಿಗೆ ಕಾನೂನಿನ ದೃಷ್ಟಿಯಲ್ಲಿ ದಕ್ಕುವುದೇನು ಎಂಬುದೇ ಇಲ್ಲಿನ ಮೂಲ ಪ್ರಶ್ನೆ. ಭಾರತದ 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಕರಾರಿನ ನಂತರ ಮಾರಾಟಗಾರರು ತಯಾರಿಸಬೇಕಾದ ಅಥವಾ ಸಂಪಾದಿಸಬೇಕಾದ ವಸ್ತು 'ಭವಿಷ್ಯದ ಸರಕು'. ಅಂಥದನ್ನು ಈಗಲೇ ಮಾರಿದೆನೆಂದು ಹೇಳಿದರೂ ಅದು ಮಾರಾಟವಾಗದೆ, ಮುಂದೆ ಮಾರುವುದಾಗಿ ಒಪ್ಪಿದ ಕರಾರು ಮಾತ್ರ ಆಗುತ್ತದೆ. ಇಂಥ ವಸ್ತು ಇದೇ ಎಂದು ನಿಶ್ಚಿತವಾಗುವ ತನಕ ಅದರ ಒಡೆತನ ಗ್ರಾಹಕರಿಗೆ ವರ್ಗವಾಗುವುದಿಲ್ಲ. ಹೀಗಾಗಿ ಪೂರ್ತಿ ಹಣ ಕೊಟ್ಟವರಿಗೂ ವಸ್ತುವಿನ ಮೇಲೆ ಯಾವ ಹಕ್ಕೂ ಇರದೆ, ಮಾತು ಕೊಟ್ಟ ವ್ಯಕ್ತಿಯ ಮೇಲೆ ಮಾತ್ರ ಹಕ್ಕಿರುತ್ತದೆ. ಬಡ್ಡಿಯಿಲ್ಲದೆ, ಅಡಮಾನವಿಲ್ಲದೆ ಅಪರಿಚಿತರಿಗೆ ಕೈಗಡ ಕೊಟ್ಟವರ ಸ್ಥಿತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಕರಾರು ಮುರಿಯಲು ಮಾರಾಟಗಾರರು ವಂಚಕರೇ ಆಗಿರಬೇಕೆಂದಿಲ್ಲ. ಅಭಾವದ ದಿನಗಳಲ್ಲಿ ತಯಾರಕರು ವಿತರಕರಿಗೆ, ವಿತರಕರು ಅಂಗಡಿಗಳಿಗೆ ಇಷ್ಟಿಷ್ಟೆಂದು ಸರಕನ್ನು ಹಂಚುತ್ತಾರೆ. ಈ ಹಂಚಿಕೆ ಕಡಿತಗೊಂಡಾಗ ಸರಪಳಿಯ ಕೊನೆಯಲ್ಲಿರುವ ಮರುಮಾರಾಟಗಾರರಿಗೆ ಏನೂ ಉಳಿಯದೆ ಹೋಗಬಹುದು. ಬೆಲೆಯ ಏರಿಳಿತದ ಹೊರೆಯೂ ಹಲವು ಬಾರಿ ಗ್ರಾಹಕರ ಮೇಲೆಯೇ ಬೀಳುತ್ತದೆ. ಬಿಡುಗಡೆಯ ಹೊತ್ತಿಗೆ ಬೆಲೆ ಏರಿದರೆ, ಹಳೆಯ ಆರ್ಡರನ್ನು ರದ್ದು ಮಾಡಿ ಹೆಚ್ಚು ಕೊಡುವವರಿಗೆ ಮಾರುವ ಆಸೆ ಮಾರಾಟಗಾರರಲ್ಲಿ ಹುಟ್ಟುತ್ತದೆ. ಬೆಲೆ ಇಳಿದರೆ, ಮೊದಲು ಒಪ್ಪಿದ ದುಬಾರಿ ದರಕ್ಕೆ ಗ್ರಾಹಕರನ್ನು ಕಟ್ಟಿಹಾಕಿ, ತಾವು ಅಗ್ಗದಲ್ಲಿ ಕೊಳ್ಳುವವರೆಗೆ ವಿಳಂಬ ಮಾಡುವುದು ಅವರಿಗೆ ಲಾಭದಾಯಕವಾಗುತ್ತದೆ. ಇವೆಲ್ಲಕ್ಕಿಂತ ಅಪಾಯಕಾರಿಯಾದುದು ಹೊಸ ಗಿರಾಕಿಗಳ ಹಣದಿಂದ ಹಳೆಯ ಗಿರಾಕಿಗಳ ಆರ್ಡರ್ ಪೂರೈಸುವ ಪದ್ಧತಿ. ಒಬ್ಬರ ಟೋಪಿಯನ್ನು ಇನ್ನೊಬ್ಬರ ತಲೆಗೆ ಹಾಕುವ ಈ ವ್ಯವಹಾರದಲ್ಲಿ ಆರಂಭದ ಗ್ರಾಹಕರಿಗೆ ಸರಕು ನಿಜಕ್ಕೂ ತಲುಪುವುದರಿಂದ, ಅವರು ಬರೆದ ಪ್ರಾಮಾಣಿಕ ಮೆಚ್ಚುಗೆಯ ಮಾತುಗಳೇ ನಂತರದವರನ್ನು ಸೆಳೆಯುತ್ತವೆ.

ವಸ್ತು ಕೈಸೇರಿದ ಮೇಲೂ ಕೆಲವು ತೊಡಕುಗಳು ಉಳಿಯುತ್ತವೆ. ತಯಾರಕರ ಅನುಮತಿಯ ಜಾಲದ ಹೊರಗೆ, ಅನೇಕ ವೇಳೆ ಬೇರೆ ದೇಶದಿಂದ ಬರುವ ಅಸಲಿ ಸರಕಿನ ವ್ಯಾಪಾರಕ್ಕೆ ಗ್ರೇ ಮಾರ್ಕೆಟ್ ಎನ್ನುತ್ತಾರೆ. ಇಲ್ಲಿ ಕೊಂಡ ವಸ್ತು ನಕಲಿಯಲ್ಲದಿದ್ದರೂ ಅದರ ವಾರಂಟಿ ಭಾರತದಲ್ಲಿ ಸಲ್ಲದಿರಬಹುದು, ಮತ್ತು ಸರಿಯಾದ ಬಿಲ್ ಇಲ್ಲದಿದ್ದರೆ ಸರ್ವಿಸ್ ಸೆಂಟರ್ ಅದನ್ನು ಉಚಿತವಾಗಿ ದುರಸ್ತಿ ಮಾಡಲು ನಿರಾಕರಿಸಬಹುದು. ಕೊರಿಯಾದ ಸಂಗೀತದ ಆಲ್ಬಂ, ಜಪಾನಿನ ಕಾರ್ಟೂನ್ ಬೊಂಬೆಯಂಥ ಸಂಗ್ರಹಯೋಗ್ಯ ವಸ್ತುಗಳನ್ನು ಹಲವರು ಕೂಡಿ ತರಿಸುವಾಗ, ಆರಂಭದಲ್ಲಿ ಹೇಳದ ಆಮದು ಸುಂಕ ಮತ್ತು ಸಾಗಣೆ ವೆಚ್ಚಗಳು ಕೊನೆಯ ಕಂತಿನಲ್ಲಿ ಸೇರಿಕೊಳ್ಳುವುದುಂಟು.

ಇಂಥ ವ್ಯವಹಾರದಲ್ಲಿ ಕಾನೂನಿನ ರಕ್ಷಣೆ ಇಲ್ಲವೆಂದಲ್ಲ, ಆದರೆ ಅದು ಎಲ್ಲರಿಗೂ ಸಮನಾಗಿ ಒದಗುವುದಿಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ, ಆನ್‌ಲೈನ್ ಮಾರಾಟ ತಾಣದ ಮೂಲಕ ಮಾರುವವರು ತಿಳಿಸಿದ ಅವಧಿ ಮೀರಿ ಸರಕು ತಲುಪಿಸಿದಾಗ, ಅನಿವಾರ್ಯ ವಿಪತ್ತು ಕಾರಣವಾಗಿದ್ದ ಹೊರತು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ತಾಣದ ಕುಂದುಕೊರತೆ ಅಧಿಕಾರಿಯು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ದೃಢಪಡಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆದರೆ ನಿಯತ ವ್ಯಾಪಾರವಾಗಿ ಅಲ್ಲದೆ, ವೈಯಕ್ತಿಕ ನೆಲೆಯಲ್ಲಿ ಎಲ್ಲೋ ಒಮ್ಮೆ ಮಾರುವವರಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ. ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಗುಂಪುಗಳ ಮಾರಾಟಗಾರರಲ್ಲಿ ಕೆಲವರು ಈ ವಿನಾಯಿತಿಯ ಮರೆಯಲ್ಲಿ ನಿಲ್ಲಲು ಯತ್ನಿಸಬಹುದು. ಅವರ ಕಾನೂನುಬದ್ಧ ಹೆಸರು ಮತ್ತು ವಿಳಾಸ ಗೊತ್ತಿಲ್ಲದಿದ್ದರೆ ನೋಟಿಸ್ ಕಳಿಸುವುದೇ ಕಷ್ಟ.

ಹಣ ಕೊಡುವ ವಿಧಾನವೂ ಇಲ್ಲಿ ನಿರ್ಣಾಯಕವಾಗುತ್ತದೆ. ಕ್ರೆಡಿಟ್ ಕಾರ್ಡ್‌ನಲ್ಲಿ ಪಾವತಿಸಿದವರು, ಸರಕು ಬಾರದಿದ್ದರೆ, ಬ್ಯಾಂಕಿನ ಮೂಲಕ ಹಣ ಮರಳಿ ಕೇಳುವ ಚಾರ್ಜ್‌ಬ್ಯಾಕ್ ಕ್ರಮವನ್ನು ಬಳಸಬಹುದು. ಆದರೆ ಅದಕ್ಕೂ ಕಾಲಮಿತಿ ಇರುವುದರಿಂದ, ತಿಂಗಳುಗಟ್ಟಲೆ ಕಾಯಿಸುವ ಪ್ರೀ-ಆರ್ಡರ್‌ಗಳಲ್ಲಿ ತಲುಪಿಸುವ ದಿನಾಂಕವನ್ನು ಬರಹದಲ್ಲಿ ಪಡೆದಿರುವುದು ಅಗತ್ಯ. ವ್ಯಕ್ತಿಯ ಖಾತೆಗೆ ಯುಪಿಐ ಮೂಲಕ ತಾವಾಗಿಯೇ ಕಳಿಸಿದ ಹಣವನ್ನು ಹಿಂಪಡೆಯುವುದು ಇದಕ್ಕಿಂತ ಬಹಳ ಕಷ್ಟ. ವಂಚನೆಯೆಂದು ತಿಳಿದ ಕೂಡಲೇ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ದೂರು ಕೊಟ್ಟರೆ ಹಣ ಖಾತೆಯಿಂದ ಖಾತೆಗೆ ಸಾಗುವ ಮುನ್ನ ತಡೆಯುವ ಅವಕಾಶವಿರುತ್ತದೆ. ಮಾತು ತಪ್ಪಿದ ವ್ಯಾಪಾರಿಯ ವಿರುದ್ಧ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಎರಡು ವರ್ಷಗಳೊಳಗೆ, ದೂರುದಾರರು ವಾಸಿಸುವ ಊರಿನ ವ್ಯಾಪ್ತಿಯಲ್ಲಿಯೇ ದೂರು ಸಲ್ಲಿಸಬಹುದು, ಮತ್ತು ವಸ್ತುವಿಗೆ ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವಿಲ್ಲ.

ಆದ್ದರಿಂದ ಪ್ರೀ-ಆರ್ಡರ್ ಮಾಡುವ ಮುನ್ನ ವಸ್ತುವಿಗಿಂತ ಹೆಚ್ಚಾಗಿ ಹಣ ಪಡೆಯುವವರನ್ನು ಪರೀಕ್ಷಿಸಬೇಕು: ತಯಾರಕರು ಅಧಿಕೃತ ಬಿಡುಗಡೆ ದಿನಾಂಕವನ್ನು ಘೋಷಿಸಿದ್ದಾರೆಯೇ, ಮಾರಾಟಗಾರರು ಜಿಎಸ್‌ಟಿ ಸಂಖ್ಯೆಯಿರುವ ಬಿಲ್ ಕೊಡುತ್ತಾರೆಯೇ, ರದ್ದಾದರೆ ಎಷ್ಟು ದಿನಗಳಲ್ಲಿ ಪೂರ್ತಿ ಹಣ ಮರಳಿಸುತ್ತಾರೆ, ಅಲ್ಪ ಮುಂಗಡಕ್ಕೆ ಒಪ್ಪುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆಯದಿದ್ದರೆ ಹಿಂದೆ ಸರಿಯುವುದೇ ಲೇಸು. ಅಭಾವ ಸಾಮಾನ್ಯವಾಗಿ ತಾತ್ಕಾಲಿಕವಾದುದು. 2021ರಲ್ಲಿ ನಿಮಿಷಗಳಲ್ಲಿ ಮುಗಿದುಹೋಗುತ್ತಿದ್ದ ಪ್ಲೇಸ್ಟೇಷನ್ 5 ಯಂತ್ರವು 2023ರ ಹೊತ್ತಿಗೆ ಭಾರತದ ಅಂಗಡಿಗಳಲ್ಲಿ ರಿಯಾಯಿತಿ ದರಕ್ಕೇ ದೊರೆಯತೊಡಗಿತ್ತು. ಮರುಮಾರಾಟಗಾರರು ಹೆಚ್ಚಿನ ಬೆಲೆಗೆ ಮಾರುವುದು ಬಹುಮಟ್ಟಿಗೆ ಗ್ರಾಹಕರ ಆತುರದಿಂದಲೇ ಸಾಧ್ಯವಾಗುವುದರಿಂದ, ಕಾಯಲು ಸಿದ್ಧರಿರುವವರಿಗೆ ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯವೇ ಬೀಳುವುದಿಲ್ಲ.