ಹಳೆಯ ಡೀಸೆಲ್ ಜೀಪು ಕೊಳ್ಳುವ ಮುನ್ನ

ಕಾಫಿ ಕುಯ್ಲು ಮುಗಿಯುತ್ತಿದ್ದಂತೆ ಸಂಘದ ಕಚೇರಿಗೆ ವಾಹನ ಸಾಲದ ಅರ್ಜಿಗಳು ಬರತೊಡಗಿವೆ. ಹೆಚ್ಚಿನವು ಹಳೆಯ ಡೀಸೆಲ್ ಜೀಪು ಇಲ್ಲವೆ ಪಿಕಪ್‌ಗಾಗಿ. ಐದಾರು ಎಕರೆಯ ಬೆಳೆಗಾರರು ಹಳೆಯ ಗಾಡಿ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಬಣ್ಣ, ಸೀಟು, ಟೈರು ನೋಡಿ ಮುಂಗಡ ಕೊಟ್ಟು, ಆರು ತಿಂಗಳಲ್ಲಿ ಇಂಜಿನ್ ಇಳಿಸಬೇಕಾಗಿ ಬಂದರೆ ಒಂದು ವರ್ಷದ ಫಸಲಿನ ಹಣ ವರ್ಕ್‌ಶಾಪಿನ ಪಾಲು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ನನ್ನದೇ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಜೀಪೊಂದನ್ನು ನೋಡಲು ಹೋದಾಗ ಮಾರುವವರು ಅದನ್ನು ಮೊದಲೇ ಸ್ಟಾರ್ಟ್ ಮಾಡಿ ಅಂಗಳದಲ್ಲಿ ನಿಲ್ಲಿಸಿದ್ದರು. ಎಂಥ ಉಪಚಾರ ಎಂದುಕೊಂಡು ಕಾಫಿ ಕುಡಿದು, ವ್ಯಾಪಾರ ಮುಗಿಸಿ ಬಂದೆ. ಮರುದಿನ, ಡಿಸೆಂಬರಿನ ಚಳಿಯ ಬೆಳಗ್ಗೆ, ಬ್ಯಾಟರಿ ಸೋಲುವವರೆಗೆ ಸೆಲ್ಫ್ ಹೊಡೆದರೂ ಇಂಜಿನ್ ಹಿಡಿಯಲಿಲ್ಲ. ಆಳುಗಳು ಇಳಿಜಾರಿಗೆ ನೂಕಿದ ಮೇಲೆ ಅಂಗಳ ತುಂಬ ಹೊಗೆ ಬಿಟ್ಟು ಎದ್ದಿತು. ಕೊನೆಗೆ ಬೋರ್, ಪಿಸ್ಟನ್, ರಿಂಗ್ ಎಲ್ಲವೂ ಆಯಿತು. ಕುಯ್ಲಿನ ನಡುವೆ ಹಣ್ಣು ಸಾಗಿಸಲು ಬಾಡಿಗೆ ಗಾಡಿ ಬೇರೆ.

ಆ ಜೀಪನ್ನು ಮೊದಲೇ ಬಿಸಿ ಮಾಡಿಟ್ಟದ್ದೇಕೆ? ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಇಂಜಿನ್ನಿನಂತೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ನು ಗಾಳಿಯನ್ನು ಅದರ ಹದಿನಾರನೆಯ, ಹಳೆಯ ಮಾದರಿಗಳಲ್ಲಿ ಇಪ್ಪತ್ತೆರಡನೆಯ ಒಂದು ಪಾಲಿಗೆ ಅದುಮುತ್ತದೆ. ಹಾಗೆ ಅದುಮಿ ಕಾದ ಗಾಳಿಗೆ ಡೀಸೆಲ್ ಸಿಂಪಡಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ರಿಂಗು ಸವೆದರೆ ಗಾಳಿ ಪಕ್ಕದಿಂದ ಸೋರಿ ಸಾಕಷ್ಟು ಕಾಯುವುದಿಲ್ಲ. ತಣ್ಣಗಿದ್ದಾಗ ಎದ್ದು ಕಾಣುವ ಈ ದೋಷ ಬಿಸಿ ಇಂಜಿನ್ನಿನಲ್ಲಿ ಮರೆಯಾಗುತ್ತದೆ. ಆದ್ದರಿಂದ ಬೆಳಗ್ಗೆ ಬೇಗ, ಸಾಧ್ಯವಾದರೆ ಹೇಳದೆಯೇ ಹೋಗಿ. ಬಾನೆಟ್ ಎತ್ತಿ ಇಂಜಿನ್ನಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹಿಂತಿರುಗಿ. ತಣ್ಣಗಿದ್ದರೆ ರೇಡಿಯೇಟರ್ ಮುಚ್ಚಳವನ್ನೂ ಆಗಲೇ ತೆಗೆದು ನೋಡಿ (ಬಿಸಿಯಿದ್ದಾಗ ಮುಟ್ಟಬಾರದು). ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಶಂಕೆ ಪಡಬೇಕು.

ಈಗ ಸ್ಟಾರ್ಟ್ ಮಾಡಿಸಿ, ನೀವು ಸೈಲೆನ್ಸರಿನ ಹಿಂದೆ ನಿಂತುಕೊಳ್ಳಿ. ಚಳಿಯಲ್ಲಿ ಮೊದಲು ಸ್ವಲ್ಪ ಬಿಳಿ ಹೊಗೆ ಸಹಜ. ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು, ಇಲ್ಲವೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಏರಿನಲ್ಲಿ ಕಪ್ಪು ಹೊಗೆ ದಟ್ಟವಾಗಿ ಬಂದರೆ ಏರ್ ಫಿಲ್ಟರ್, ನಾಜಲ್, ಟರ್ಬೊ ನೋಡಿಸಬೇಕು. ಇವು ರಿಪೇರಿಯಾಗುವ ಸಂಗತಿಗಳು, ಬೆಲೆ ಇಳಿಸಲು ಉಪಯೋಗಕ್ಕೂ ಬರುತ್ತವೆ. ನೀಲಿ ಹೊಗೆ ಹಾಗಲ್ಲ. ಅದು ಎಣ್ಣೆ ಉರಿಯುವ ಹೊಗೆ.

ರಿಂಗಿನ ಸ್ಥಿತಿ ತಿಳಿಯಲು ಸುಲಭದ ಉಪಾಯವೊಂದಿದೆ. ಇಂಜಿನ್ ಬಿಸಿಯಾಗಿ ನಿಧಾನಕ್ಕೆ ಓಡುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದು, ಆ ಬಾಯಿಯ ಮೇಲೆಯೇ ಬೋರಲಾಗಿಡಿ. (ನಾಲ್ಕು ಹನಿ ಸಿಡಿದೀತು, ಬಿಳಿ ಪಂಚೆ ಉಟ್ಟು ಹೋಗಬೇಡಿ.) ಮುಚ್ಚಳ ಸಣ್ಣಗೆ ಕುಣಿದರೆ ಚಿಂತೆಯಿಲ್ಲ. ಗಾಳಿ ಅದನ್ನು ಎತ್ತಿ ಎಸೆದರೆ, ಅಥವಾ ಬಾಯಿಯಿಂದ ಭುಸುಭುಸು ಹೊಗೆ ಬಂದರೆ ಇಂಜಿನ್ ಬೋರಿಗೆ ಬಂದಿದೆಯೆಂದು ಹೆಚ್ಚುಕಡಿಮೆ ನಿಶ್ಚಯಿಸಬಹುದು. ದಪ್ಪ ಎಣ್ಣೆ ತುಂಬಿ ಹೊಗೆ ಅಡಗಿಸುವವರಿದ್ದಾರೆ, ಆದರೆ ಈ ಗಾಳಿಯನ್ನು ಅಡಗಿಸುವುದು ಕಷ್ಟ.

ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಕಪ್ಪಗಿದೆಯೆಂದು ಗಾಬರಿ ಬೇಡ. ಡೀಸೆಲ್ ಇಂಜಿನ್ನಿನಲ್ಲಿ ಎಣ್ಣೆ ಬೇಗ ಕಪ್ಪಾಗುತ್ತದೆ. ಮೇಲಿನ ಗೆರೆಯನ್ನೂ ಮೀರಿ, ತೆಳ್ಳಗೆ, ಡೀಸೆಲ್ ವಾಸನೆಯಿದ್ದರೆ ಮಾತ್ರ ಎಚ್ಚರ. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್.-6 ಗಾಡಿಗಳಲ್ಲಿ ಇದನ್ನು ಮುಖ್ಯವಾಗಿ ನೋಡಬೇಕು. ಅವುಗಳಲ್ಲಿ ಮಸಿ ಹಿಡಿಯುವ ಡಿ.ಪಿ.ಎಫ್. ಎಂಬ ಜರಡಿಯಿದೆ. ಆ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಹೆದ್ದಾರಿಯಲ್ಲಿ ಬಿಸಿಯಾಗಿ ಓಡಬೇಕು. ತೋಟದಿಂದ ಕಣಕ್ಕೆ, ಕಣದಿಂದ ಪೇಟೆಗೆ ಮಾತ್ರ ತೆವಳುವ ಗಾಡಿಯಲ್ಲಿ ಜರಡಿ ಕಟ್ಟಿಕೊಂಡು, ಸುಡಲೆಂದು ಬಿಟ್ಟ ಡೀಸೆಲ್ ಎಣ್ಣೆಗೆ ಇಳಿಯುತ್ತದೆ. ನಿಮ್ಮ ಓಡಾಟವೂ ಅಷ್ಟೇ ಆಗಿದ್ದರೆ ಅಂಥ ಗಾಡಿ ಬೇಕೇ ಎಂದು ಯೋಚಿಸಿ.

ಕಿಲೋಮೀಟರ್ ಲೆಕ್ಕವನ್ನು ಪೂರ್ತಿ ನಂಬಬಾರದು. ಮೀಟರ್ ತಿರುಗಿಸುವ ಮಾತು ಹಾಗಿರಲಿ, ಪ್ರಾಮಾಣಿಕ ಮೀಟರೂ ನಮ್ಮ ಕಡೆ ಸುಳ್ಳು ಹೇಳುತ್ತದೆ. ತೋಟದ ದಾರಿಯಲ್ಲಿ ಗಂಟೆಗೆ 15 ಕಿ.ಮೀ.ಯಂತೆ 60,000 ಕಿ.ಮೀ. ಓಡಿದ ಜೀಪಿನ ಇಂಜಿನ್ 4,000 ಗಂಟೆ ದುಡಿದಿರುತ್ತದೆ. ಹೆದ್ದಾರಿಯಲ್ಲಿ 50ರ ವೇಗದಲ್ಲಿ ಒಂದು ಲಕ್ಷ ಓಡಿದ್ದು 2,000 ಗಂಟೆ ಮಾತ್ರ. ಜೊತೆಗೆ ಬೇಸಗೆಯ ಕೆಂಪು ಧೂಳು: ಏರ್ ಫಿಲ್ಟರಿನ ಆಚೆ ಬದಿಯ ಪೈಪಿಗೆ ಬೆರಳು ಹಾಕಿ ಸವರಿ. ಮಣ್ಣು ಹತ್ತಿದರೆ ಅದು ಸಿಲಿಂಡರಿಗೂ ಹೋಗಿದೆ.

ಇಷ್ಟೆಲ್ಲ ದಾಟಿದ ಗಾಡಿಯನ್ನು ಹೊರೆಯೊಂದಿಗೆ ಏರು ಹತ್ತಿಸಿ ನೋಡಿ, ಬಳಿಕ ನಿಮ್ಮ ಕಡೆಯ ಮೆಕ್ಯಾನಿಕ್‌ನಿಂದ ಕಂಪ್ರೆಷನ್ ಗೇಜು ಹಾಕಿಸಿ. ನಾಲ್ಕು ಸಿಲಿಂಡರುಗಳ ಅಂಕಿ ಹತ್ತಿರ ಹತ್ತಿರ ಇರಬೇಕು. ಇದರ ಖರ್ಚು ಕೊಳ್ಳುವವರದೇ. ಮಾರುವವರು ಇದಕ್ಕೆ ಒಪ್ಪದಿದ್ದರೆ ವ್ಯಾಪಾರವನ್ನು ಅಲ್ಲಿಗೇ ಬಿಡುವುದು ಮೇಲು. ಆ ಅಂಕಿಗಳನ್ನು ಚೀಟಿಯಲ್ಲಿ ಬರೆಸಿ, ಆರ್.ಸಿ. ನಕಲಿನೊಂದಿಗೆ ಅರ್ಜಿಗೆ ಲಗತ್ತಿಸಿದರೆ ಸಾಲದ ಮೊತ್ತ ನಿರ್ಧರಿಸಲು ನಮಗೂ ಅನುಕೂಲ.