ಮನೆಯ ವಿದ್ಯುತ್ ತಂತಿಯ ವಿಷಯದಲ್ಲಿ ರೈತರು ಕೇಳುವ ಕೆಲವು ಪ್ರಶ್ನೆಗಳು

ನಂಜನಗೂಡಿನ ಬಳಿ ಹರಿಯುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ, ಮುಂದೆ ಶಿವನಸಮುದ್ರದಲ್ಲಿ ಧುಮುಕುವುದಷ್ಟೆ. ಆ ನೀರಿನ ಬಲದಿಂದ 1902ನೆಯ ಇಸವಿಯಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿಗೆ. ಹೊಳೆಯ ದಡದ ನಮ್ಮ ಹಳ್ಳಿಗಳಿಗೆ ದೀಪ ಬಂದದ್ದು ಬಹುಕಾಲದ ಮೇಲೆ. ಆಗ ಒಂದೆರಡು ದೀಪಗಳಿಗೆಂದು ಎಳೆದ ತಂತಿಯೇ ಈಗಲೂ ಅನೇಕ ಮನೆಗಳಲ್ಲಿ ಮಿಕ್ಸಿ, ಗ್ರೈಂಡರ್, ಫ್ರಿಜ್ಜು, ನೀರು ಕಾಯಿಸುವ ಕಾಯಿಲು, ಕೊಟ್ಟಿಗೆಯ ಮೇವು ಕತ್ತರಿಸುವ ಯಂತ್ರ ಇವೆಲ್ಲದರ ಭಾರವನ್ನು ಹೊರುತ್ತಲಿದೆ. ಭತ್ತ ಬಾಳೆಗಳನ್ನು ನೋಡಲು ಹೋದಾಗ, ಗೊಬ್ಬರದ ಮಾತು ಮುಗಿದ ಮೇಲೆ ರೈತರು ಜಗುಲಿಯಲ್ಲಿ ಕೂರಿಸಿ ಇದರ ವಿಷಯವನ್ನೇ ಕೇಳುವುದುಂಟು.

“ಫ್ಯೂಸಿದೆಯಲ್ಲಾ ಸ್ವಾಮಿ, ಇನ್ನೇನು ಭಯ?” ಎಂಬುದೇ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಮಾತು. ಇದು ದೊಡ್ಡ ತಪ್ಪು ತಿಳಿವಳಿಕೆ. ಫ್ಯೂಸಾಗಲಿ, ಅದರ ಸ್ಥಾನಕ್ಕೆ ಬಂದಿರುವ ಎಂ.ಸಿ.ಬಿ. ಎಂಬ ಸ್ವಿಚ್ಚಾಗಲಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ತಂತಿ ಮಿತಿಮೀರಿ ಕಾದು ಮನೆಗೆ ಬೆಂಕಿ ಹತ್ತದಂತೆ ನೋಡುವುದಷ್ಟೇ ಅದರ ಕೆಲಸ. 5 ಆಂಪಿಯರಿನ ಫ್ಯೂಸು ಕರಗಬೇಕಾದರೆ 5 ಆಂಪಿಯರಿಗಿಂತ ಹೆಚ್ಚು ಪ್ರವಾಹ ಹರಿಯಬೇಕು. ಮನುಷ್ಯನ ಪ್ರಾಣಕ್ಕಾದರೋ ಅದರ ನೂರರಲ್ಲೊಂದು ಪಾಲು ದೇಹದಲ್ಲಿ ಕ್ಷಣಕಾಲ ನಿಂತರೂ ಅಪಾಯ.

ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇವಿನ ಯಂತ್ರಕ್ಕೆ ಮೈ ತಗುಲಿ ಕರೆಯುವ ಹಸುವೊಂದು ಸತ್ತುಬಿದ್ದುದನ್ನು ಕಂಡೆನು. ಫ್ಯೂಸು ಸ್ವಸ್ಥವಾಗಿತ್ತು, ಕೊಟ್ಟಿಗೆಯ ದೀಪವೂ ಉರಿಯುತ್ತಲೇ ಇತ್ತು. ಯಂತ್ರದ ಪ್ಲಗ್ಗಿನಲ್ಲಿದ್ದ ಮೂರನೆಯ ದಪ್ಪ ಕಡ್ಡಿಯನ್ನು, ಗೋಡೆಯಲ್ಲಿ ಎರಡೇ ತೂತಿದೆಯೆಂದು, ಮನೆಯ ಹುಡುಗನು ಮುರಿದುಹಾಕಿದ್ದನು. ಹಾಲು ಕರೆಯಲು ಚೊಂಬು ಹಿಡಿದು ಹೊರಟಿದ್ದ ಅವನ ತಾಯಿ ಒಂದು ಗಳಿಗೆ ತಡವಾದುದರಿಂದ ಉಳಿದಳು. ದನಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಾದಕಾರಣ, ನೆಲದಲ್ಲಿ ಹರಡಿದ ವಿದ್ಯುತ್ತು ಸಹ ಅವುಗಳನ್ನು ಮನುಷ್ಯನಿಗಿಂತ ಬೇಗ ಕೊಲ್ಲುತ್ತದೆ.

ಆ ಮೂರನೆಯ ಕಡ್ಡಿಯೇ ಅರ್ಥಿಂಗಿನದು. ಯಂತ್ರದೊಳಗೆ ತಂತಿಯ ಹೊದಿಕೆ ಸವೆದು ಲೋಹದ ಮೈಗೆ ವಿದ್ಯುತ್ತು ತಗುಲಿದರೆ, ಅದನ್ನು ನೆಲಕ್ಕೆ ಒಯ್ಯುವ ದಾರಿಯಿದು. ಇದಕ್ಕಾಗಿ ಗೋಡೆಯಿಂದ ಒಂದೂವರೆ ಮೀಟರಿಗೆ ಕಡಿಮೆಯಿಲ್ಲದಷ್ಟು ದೂರದಲ್ಲಿ, ಸತುವಿನ ಲೇಪವಿರುವ ಸುಮಾರು ಎರಡೂವರೆ ಮೀಟರ್ ಉದ್ದದ ಕಬ್ಬಿಣದ ಕೊಳವೆಯನ್ನು ನೆಟ್ಟಗೆ ಹೂಳಿ, ಸುತ್ತಲೂ ಇದ್ದಿಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬುವುದು ವಾಡಿಕೆ. ಹುಲ್ಲಹಳ್ಳಿ, ರಾಂಪುರ ನಾಲೆಗಳ ಬಯಲಿನ ತೇವದ ಮಣ್ಣಿನಲ್ಲಿ ಇದು ಚೆನ್ನಾಗಿ ಕೆಲಸಮಾಡುವುದು. ಖುಷ್ಕಿಯ ಗರಸು ಕೆಂಪುನೆಲದಲ್ಲಿ ಬೇಸಗೆ ಬಂತೆಂದರೆ ಮಣ್ಣು ಒಣಗಿ ದಾರಿ ಕಟ್ಟಿದಂತಾಗುತ್ತದೆ; ಗುಂಡಿಗೆ ಆಗಾಗ್ಗೆ ನೀರು ಹೊಯ್ಯತಕ್ಕದ್ದು. ನಲ್ಲಿಯ ಕೊಳವೆಗೆ ತಂತಿ ಸುತ್ತಿ ಅರ್ಥಿಂಗ್ ಆಯಿತೆನ್ನುವವರಿದ್ದಾರೆ. ಈಗಿನ ಕೊಳವೆಗಳು ಪ್ಲಾಸ್ಟಿಕ್ಕಿನವು; ಅವುಗಳಿಂದ ಏನೂ ಪ್ರಯೋಜನವಿಲ್ಲ.

“ಅರ್ಥಿಂಗ್ ಮಾಡಿಸಿದರೆ ಸಾಕೆ?” ಎಂದರೆ, ಸಾಲದು. ಗುಂಡಿಯ ತಡೆ 10 ಓಮ್ ಇದೆಯೆನ್ನೋಣ. 230 ವೋಲ್ಟಿನಲ್ಲಿ ಅದರ ಮೂಲಕ ಹರಿಯುವುದು 23 ಆಂಪಿಯರ್. 16 ಆಂಪಿಯರಿನ ಎಂ.ಸಿ.ಬಿ. ಇಷ್ಟಕ್ಕೆ ಒಡನೆಯೇ ಬೀಳುವುದಿಲ್ಲ. ಅಷ್ಟರವರೆಗೆ ಯಂತ್ರದ ಮೈಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಆದುದರಿಂದ ಆರ್.ಸಿ.ಸಿ.ಬಿ. ಎಂಬ ಉಪಕರಣವನ್ನೂ ಹಾಕಿಸಬೇಕು. ಇದು ಮನೆಯೊಳಕ್ಕೆ ಹೋದ ಪ್ರವಾಹವನ್ನೂ ಹಿಂತಿರುಗಿದ ಪ್ರವಾಹವನ್ನೂ ಸದಾ ತಾಳೆನೋಡುತ್ತಿರುವುದು. ಲೆಕ್ಕದಲ್ಲಿ 30 ಮಿಲಿ ಆಂಪಿಯರಿನಷ್ಟು ಕೊರತೆ ಕಂಡೊಡನೆ, ಅದು ಯಾರದೋ ಮೈಮೇಲೆ ಹರಿದು ನೆಲಕ್ಕಿಳಿಯುತ್ತಿರಬಹುದಾದ್ದರಿಂದ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸರಬರಾಜನ್ನು ಕಡಿದುಬಿಡುತ್ತದೆ. ಕೊಳ್ಳುವಾಗ 30 ಮಿಲಿ ಆಂಪಿಯರಿನದೇ ಎಂದು ಕೇಳಿ ಐ.ಎಸ್.ಐ. ಗುರುತು ನೋಡಿ ಕೊಳ್ಳತಕ್ಕದ್ದು. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡತಕ್ಕದ್ದು. ಒಂದು ಹಸುವಿನ ಬೆಲೆಯ ಮುಂದೆ ಇದರ ಬೆಲೆ ಏನೇನೂ ಅಲ್ಲ. ಎರಡು ತಂತಿಗಳನ್ನೂ ಒಟ್ಟಿಗೆ ಹಿಡಿದವನನ್ನು ಮಾತ್ರ ಇದೂ ಕಾಯಲಾರದು.

ಕಾಯಿಲಿನ ವಿಷಯ: 1500 ವ್ಯಾಟಿನ ಕಾಯಿಲು ಸುಮಾರು ಆರೂವರೆ ಆಂಪಿಯರ್ ಎಳೆಯುವುದು. ದೀಪದ ಬೋರ್ಡಿನ 6 ಆಂಪಿಯರಿನ ಸಾಕೆಟ್ಟಿಗೆ ಇದನ್ನು ಸಿಕ್ಕಿಸಕೂಡದು. ಸ್ವಿಚ್ಚು ತೆಗೆದು, ಪ್ಲಗ್ಗು ಕಿತ್ತ ಮೇಲೆಯೇ ನೀರನ್ನು ಮುಟ್ಟಬೇಕು. ಬಟ್ಟೆ ಒಣಹಾಕಲು ಕಬ್ಬಿಣದ ತಂತಿಗೆ ಬದಲಾಗಿ ನೂಲಿನ ಹಗ್ಗವನ್ನೇ ಕಟ್ಟುವುದು ಲೇಸು.

2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗುಪ್ರದೇಶಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಅಂಥ ನೀರು ಹೊಕ್ಕ ಮನೆಯಲ್ಲಿ ಬೋರ್ಡು ಹೊರಗೆ ಒಣಗಿದಂತೆ ಕಂಡರೂ, ಪರವಾನಗಿ ಪಡೆದ ವೈರ್‌ಮನ್ನನಿಂದ ಪರೀಕ್ಷೆ ಮಾಡಿಸದೆ ಮೈನ್ ಸ್ವಿಚ್ಚನ್ನು ಹಾಕಕೂಡದು.

ಯಾರಾದರೂ ವಿದ್ಯುತ್ತಿಗೆ ಸಿಕ್ಕಿಕೊಂಡರೆ ಅವರನ್ನು ಕೈಯಿಂದ ಎಳೆಯಬಾರದು. ಮೊದಲು ಮೈನ್ ಸ್ವಿಚ್ಚನ್ನು ತೆಗೆಯಬೇಕು. ಅದು ದೂರವಿದ್ದರೆ ಒಣಗಿದ ಹಲಗೆಯ ಮೇಲೆ ನಿಂತು ಒಣ ಬಿದಿರಿನಿಂದ ತಂತಿಯನ್ನು ಸರಿಸಬೇಕು. ಬೀದಿಯಲ್ಲಿ ಕಡಿದುಬಿದ್ದ ತಂತಿಯ ಹತ್ತಿರಕ್ಕಂತೂ ಹೋಗಲೇಕೂಡದು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ 1912ರಲ್ಲಿ ತಿಳಿಸತಕ್ಕದ್ದು. ಉಸಿರು ನಿಂತಿದ್ದರೆ 108ಕ್ಕೆ ಕರೆಮಾಡಿ, ಗಾಡಿ ಬರುವವರೆಗೂ ಎದೆಯ ನಡುವೆ ಎರಡೂ ಅಂಗೈಗಳಿಂದ ನಿಮಿಷಕ್ಕೆ ನೂರು ಸಲಕ್ಕೆ ಕಡಿಮೆಯಿಲ್ಲದಂತೆ ಬಲವಾಗಿ ಒತ್ತುತ್ತಿರಬೇಕು.