ಸದ್ದಡಗಿದ ಟ್ಯಾಪೆಟ್ಟು: ಹಳೆಯ ಅಂಬಾಸಿಡರಿಗೆ ಬಾಳಿಕೆಯ ವಾಲ್ವ್ ಸಾಮಾನು



ಕಳೆದ ಹಂಗಾಮಿನಲ್ಲಿ ಅಡಿಕೆ ಲೆಕ್ಕ ನೋಡಲು ಕಚೇರಿಗೆ ಬಂದಿದ್ದ ಮೂವರು ಸದಸ್ಯರು, ಲೆಕ್ಕ ಮುಗಿದ ಮೇಲೆ ಬೇರೆ ಬೇರೆ ದಿನ ಒಂದೇ ಪ್ರಶ್ನೆ ಕೇಳಿದರು: "ಮನಿಯಾಗಿನ ಹಳೇ ಅಂಬಾಸಿಡರ್ ಹೆಡ್ ಬಿಚ್ಚಿಸೇವ್ರಿ. ಎಂಥಾ ವಾಲ್ವ್ ಹಾಕ್ಸೂದು?" ಕೊಳೆರೋಗ, ಗೊಬ್ಬರದ ಧಾರಣೆ ಬಿಟ್ಟು ಪತ್ರಿಕೆಯಲ್ಲಿ ಇದೇನು ಎಂದು ಕೆಲವರು ಹುಬ್ಬೇರಿಸಿಯಾರು. ಆದರೆ ಹೆಡ್ ಬಿಚ್ಚಿಸುವ ಖರ್ಚು ಸಣ್ಣದಲ್ಲ. ಅದನ್ನು ಎರಡು ಸಲ ತೆತ್ತವನು ನಾನು. ನಿಮಗೆ ಒಂದೇ ಸಲಕ್ಕೆ ಮುಗಿಯಲಿ ಎಂದು ಈ ಬರಹ.

ನಮ್ಮ ಮನೆಯದು ತಂದೆಯವರು ಕೊಂಡ 1977ರ ಮಾರ್ಕ್ 3 ಪೆಟ್ರೋಲ್ ಗಾಡಿ. ಮೆರವಣಿಗೆಗೆ ಇಟ್ಟದ್ದಲ್ಲ. ಅಗಡಿಯಿಂದ ಹಾವೇರಿಗೆ, ಬ್ಯಾಡಗಿ ಪೇಟೆಗೆ, ಬೀಗರ ಮನೆಗೆ ದಿನವೂ ಓಡುವಂಥದು. ಮೊದಲ ಸಲ ಹೆಡ್ ಬಿಚ್ಚಿಸಿದಾಗ ಗ್ಯಾರೇಜಿನವರು ವಾಲ್ವುಗಳನ್ನು ಪೇಸ್ಟ್ ಹಚ್ಚಿ ಉಜ್ಜಿ, ಹಳೆಯ ಸೀಟಿನ ಮೇಲೆಯೇ ಕೂಡಿಸಿ ಕೊಟ್ಟರು. ಕೆಲವು ತಿಂಗಳು ಟ್ಯಾಪೆಟ್ಟಿನ ಟಕಟಕ ಕೇಳಿಸಿತು. ಬರಬರುತ್ತ ಸದ್ದು ತಾನಾಗಿಯೇ ಅಡಗಿತು. ಇಂಜಿನ್ ಪಳಗಿತೆಂದು ನಾನು ಹಿಗ್ಗಿದೆ. ಒಂದು ಸಂಜೆ ಹುಬ್ಬಳ್ಳಿಯಿಂದ ಮರಳುವಾಗ ಬಂಕಾಪುರದ ಹತ್ತಿರ ಗಾಡಿ ಮಿಸ್ ಹೊಡೆಯತೊಡಗಿತು. ಮೂರು ಸಿಲಿಂಡರಿನಲ್ಲಿ ತೆವಳುತ್ತ ಹಾವೇರಿ ಮುಟ್ಟಿದೆವು. ಬಿಚ್ಚಿ ನೋಡಿದರೆ ಒಂದು ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಡಿದ ರೊಟ್ಟಿಯಂತೆ ಆಗಿತ್ತು. ಹೆಡ್ ಬಿಚ್ಚಿದ ಹಿರಿಯ ಮೇಸ್ತ್ರಿ ಅಂದದ್ದು ಇಷ್ಟೇ: "ಸದ್ದು ಹೋತಂದ್ರ ಖುಷಿ ಪಡಬ್ಯಾಡ್ರಿ ಸಾಹೇಬ್ರ. ಸಂದು ಮುಚ್ಚೇತಿ ಅಂತ ತಿಳೀರಿ."

ಇದರ ಕಾರಣ ತಿಳಿದರೆ ಸಾಮಾನು ಆರಿಸುವುದು ಸುಲಭ. ಈ 1489 ಸಿ.ಸಿ. ಇಂಜಿನ್ ಮೂಲತಃ ಇಂಗ್ಲೆಂಡಿನ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್ ಜಾತಿಯದು. ಹೆಡ್ ಬೀಡುಕಬ್ಬಿಣದ್ದು, ವಾಲ್ವ್ ಕೂರುವ ಸೀಟನ್ನು ಆ ಕಬ್ಬಿಣದಲ್ಲಿಯೇ ಕಡೆದಿರುತ್ತಾರೆ. ಆಗಿನ ಪೆಟ್ರೋಲಿನಲ್ಲಿ ಸೀಸ ಬೆರೆತಿತ್ತು. ಅದು ಉರಿದು ಸೀಟಿನ ಮೇಲೆ ತೆಳುವಾದ ಲೇಪವಾಗಿ ನಿಂತು, ಕೆಂಪಗೆ ಕಾದ ಎಕ್ಸಾಸ್ಟ್ ವಾಲ್ವ್ ಕಬ್ಬಿಣಕ್ಕೆ ಅಂಟದಂತೆ ಕಾಯುತ್ತಿತ್ತು. ಸೀಸ ಆರೋಗ್ಯಕ್ಕೆ ವಿಷ. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದದ್ದು ಒಳ್ಳೆಯದೇ ಆಯಿತು. ಆದರೆ ಹಳೆಯ ಹೆಡ್ಡಿನ ಕಾವಲು ಹೋಯಿತು. ಈಗ ವಾಲ್ವ್ ಪ್ರತಿ ಬಡಿತಕ್ಕೂ ಸೀಟಿಗೆ ಕೊಂಚ ಅಂಟಿ, ಕಿತ್ತುಕೊಂಡು ಬರುತ್ತದೆ. ಸೀಟು ಸವೆದಂತೆ ವಾಲ್ವ್ ಹೆಡ್ಡಿನೊಳಕ್ಕೆ ಇಳಿಯುತ್ತದೆ, ಟ್ಯಾಪೆಟ್ ಸಂದು ಕಿರಿದಾಗುತ್ತದೆ. ಕೊನೆಗೆ ವಾಲ್ವ್ ಪೂರ್ತಿ ಮುಚ್ಚದೆ, ಬೆಂಕಿ ನುಗ್ಗಿ ಸುಡುತ್ತದೆ. ಊರ ದಾರಿಯಲ್ಲಿ ನಿಧಾನ ಓಡಿಸುವವರಿಗೆ ಈ ಸವೆತ ತಡವಾಗಿ ಬರುತ್ತದೆ. ಹೆದ್ದಾರಿಯಲ್ಲಿ ಮೂಟೆ ಹೇರಿಕೊಂಡು ಗಂಟೆಗಟ್ಟಲೆ ವೇಗವಾಗಿ ಹೋಗುವವರಿಗೆ ಬೇಗ.

ಆದ್ದರಿಂದ ಮೊದಲ ಖರ್ಚು ನಾಲ್ಕು ಎಕ್ಸಾಸ್ಟ್ ಸೀಟುಗಳಿಗೆ. ಹೆಡ್ಡನ್ನು ಕೊರೆದು ಗಟ್ಟಿ ಮಿಶ್ರಲೋಹದ ಸೀಟು ರಿಂಗುಗಳನ್ನು ಬಿಗಿಯಾಗಿ ಕೂಡಿಸಬೇಕು. ಇದು ಒಳ್ಳೆಯ ಮಶೀನ್ ಇರುವ ಕಾರ್ಯಾಗಾರದ ಕೆಲಸ. ಕೊರೆತ ಆಳವಾದರೆ ನೀರಿನ ದಾರಿ ತೂತಾಗಿ ಹೆಡ್ಡೇ ಹೋಗುತ್ತದೆ. ಸಡಿಲಾದರೆ ರಿಂಗು ಕಳಚಿ ಪಿಸ್ಟನ್ ಮೇಲೆ ಬೀಳುತ್ತದೆ. ಇನ್ಲೆಟ್ ಸೀಟುಗಳಿಗೆ ಇದು ಬೇಕಿಲ್ಲ, ತಣ್ಣನೆಯ ಮಿಶ್ರಣ ಅವನ್ನು ತಂಪಾಗಿಡುತ್ತದೆ. ಎಂಟಕ್ಕೂ ಹಾಕಿಸಿರೆಂದು ಯಾರಾದರೂ ಒತ್ತಾಯಿಸಿದರೆ ಕಾರಣ ಕೇಳಿ. ಡೀಸೆಲ್ ಗಾಡಿಯವರಿಗೂ, ಇಸುಜು ಇಂಜಿನ್ನಿನ ಅಂಬಾಸಿಡರ್ ಉಳ್ಳವರಿಗೂ ಈ ಮಾತು ಅನ್ವಯಿಸದು.

ಎಕ್ಸಾಸ್ಟ್ ವಾಲ್ವ್ ಶಾಖ ತಡೆಯುವ ಸ್ಟೇನ್‌ಲೆಸ್ ಉಕ್ಕಿನದಿರಲಿ. ಅಂಗಡಿಗೆ ಒಂದು ಅಯಸ್ಕಾಂತ ಒಯ್ಯಿರಿ: ಅಂಥ ಉಕ್ಕಿನ ತಲೆಗೆ ಅದು ಹೆಚ್ಚುಕಡಿಮೆ ಅಂಟುವುದಿಲ್ಲ. ಕಾಂಡಕ್ಕೆ ಅಂಟಿದರೆ ಚಿಂತೆಯಿಲ್ಲ, ಎರಡು ಉಕ್ಕು ಬೆಸೆದ ವಾಲ್ವುಗಳೂ ಇರುತ್ತವೆ. ಗೈಡ್ ಬೀಡುಕಬ್ಬಿಣದ್ದು ಸಾಕು. ಕಂಚಿನದು ಚೆನ್ನ, ಆದರೆ ಅದರ ಸಂದು ಅಳೆದು ಕೂಡಿಸುವವರು ಸಿಗಬೇಕು. ಹಳೆಯ ಸಡಿಲ ಗೈಡಿನಲ್ಲಿ ಹೊಸ ವಾಲ್ವ್ ಹಾಕುವುದಂತೂ ದುಡ್ಡು ಕೆರೆಗೆ ಎಸೆದಂತೆ. ವಾಲ್ವ್ ವಾಲಾಡಿ ಹೊಸ ಸೀಟನ್ನೂ ಕೆಡಿಸುತ್ತದೆ.

ರೇಸಿನವರು ಹಾಕುವ ಬಿರುಸಾದ ಸ್ಪ್ರಿಂಗ್ ಹಾಕಿಸಬೇಕೇ ಎಂದು ಒಬ್ಬರು ಕೇಳಿದ್ದರು. ಬೇಡ. ಗಾಡಿ ಬೇಗ ಓಡುವುದಿಲ್ಲ, ಕ್ಯಾಮ್ ಮಾತ್ರ ಬೇಗ ಸವೆಯುತ್ತದೆ. ಮೂಲ ಬಲದ ಹೊಸ ಸ್ಪ್ರಿಂಗುಗಳನ್ನು ಗಾಜಿನ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ, ಎತ್ತರ ಒಂದೇ ಇದೆಯೇ ನೋಡಿ. ಟ್ಯಾಪೆಟ್ ಬಿಚ್ಚುವಾಗ ಯಾವುದು ಎಲ್ಲಿಯದೆಂದು ಗುರುತು ಹಾಕಿಸಿ, ಅದದರ ಗೂಡಿಗೇ ಮರಳಿಸಿ. ಅಡಿ ತಗ್ಗಾಗಿದ್ದರೆ ಬದಲಿಸಿ. ಹೊಸ ಕ್ಯಾಮಿನ ಮೇಲೆ ಹಳೆಯ ಟ್ಯಾಪೆಟ್ ಮಾತ್ರ ಎಂದೂ ಕೂಡದು. ಹೊಸ ಕ್ಯಾಮ್ ಹಾಕಿದ ದಿನ ಇಂಜಿನ್ನನ್ನು ಮೊದಲ 20 ನಿಮಿಷ ಐಡಲಿಗೆ ಬಿಡದೆ, ಸುಮಾರು 2,000 ಸುತ್ತಿನಲ್ಲಿ ಓಡಿಸಬೇಕು.

ಎಣ್ಣೆಯೂ ಒಂದು ಸಾಮಾನೇ. ಹೊಸ ಕಾರುಗಳ ತೆಳು ಎಣ್ಣೆಗಳಲ್ಲಿ ಕ್ಯಾಮ್ ಕಾಯುವ ಸತು-ರಂಜಕದ ಅಂಶವನ್ನು, ಹೊಗೆ ಶುದ್ಧಿಯ ಯಂತ್ರ ಕೆಡದಿರಲೆಂದು, ಕಡಿಮೆ ಮಾಡಿದ್ದಾರೆ. ನಮ್ಮ ಗಾಡಿಗೆ 20ಡಬ್ಲ್ಯು-40 ಅಥವಾ 20ಡಬ್ಲ್ಯು-50ರ ಮಿನರಲ್ ಎಣ್ಣೆ ಲೇಸು.

ಇನ್ನು ಸಂದು. ಘಟ್ಟದ ಕಡೆಯ ಕಾಫಿ ಸದಸ್ಯರಿಗೆ ಹೇಳಬೇಕಾಗಿಲ್ಲ: ಪಲ್ಪರಿನ ಸಂದು ಕೊಂಚ ಬಿಗಿಯಾದರೆ ಬೀಜ ಜಜ್ಜುತ್ತದೆ. ಇಲ್ಲಿಯೂ ಹಾಗೆಯೇ. ಈ ಇಂಜಿನ್ನಿಗೆ ಸಾಮಾನ್ಯವಾಗಿ 0.015 ಇಂಚು, ನಿಮ್ಮ ಗಾಡಿಯ ಕೈಪಿಡಿಯನ್ನೂ ನೋಡಿಕೊಳ್ಳಿ. ಒಂಬತ್ತರ ಲೆಕ್ಕ ನೆನಪಿಟ್ಟರೆ ಮನೆಯಲ್ಲಿಯೇ ಮಾಡಬಹುದು: ಒಂದನೆಯ ವಾಲ್ವ್ ಪೂರ್ತಿ ತೆರೆದಾಗ ಎಂಟನೆಯದನ್ನು, ಮೂರನೆಯದು ತೆರೆದಾಗ ಆರನೆಯದನ್ನು, ಹೀಗೆ ಎರಡೂ ಕೂಡಿ ಒಂಬತ್ತಾಗುವಂತೆ ಹೊಂದಿಸಬೇಕು. ರಾಕರಿನ ಮೂತಿ ತಗ್ಗು ಬಿದ್ದಿದ್ದರೆ ಫೀಲರ್ ಗೇಜಿನ ಪಟ್ಟಿ ತಗ್ಗಿನೊಳಗೆ ಇಳಿಯದೆ ತಪ್ಪು ಅಳತೆ ತೋರಿಸುತ್ತದೆ; ಅಂಥ ರಾಕರ್ ಬದಲಿಸುವುದೇ ದಾರಿ. ಪ್ರತಿ ಸಲದ ಅಳತೆಯನ್ನು ಬರೆದಿಡಿ. 1, 4, 5, 8 ಎಕ್ಸಾಸ್ಟಿನವು. ಅವುಗಳ ಸಂದು ಸಲದಿಂದ ಸಲಕ್ಕೆ ಕಿರಿದಾಗುತ್ತಿದ್ದರೆ ಸೀಟು ಸವೆಯುತ್ತಿದೆ, ವಾಲ್ವ್ ಸುಡುವ ಮುಂಚೆಯೇ ಹೆಡ್ ಇಳಿಸಿ.

ನನ್ನ ಫೀಲರ್ ಗೇಜನ್ನು ಕಚೇರಿಯ ಕಪಾಟಿನಲ್ಲಿ ಇಟ್ಟಿದ್ದೇನೆ. ಬೇಕಾದವರು ಪುಸ್ತಕದಲ್ಲಿ ಸಹಿ ಮಾಡಿ ಒಯ್ದು, ಎರಡು ದಿನದೊಳಗೆ ಎಣ್ಣೆ ಒರೆಸಿ ಮರಳಿಸತಕ್ಕದ್ದು.